ಬಾಡಿಗೆ ಟೈರು

ಬ್ರೇಕ್ ಇನ್ಸ್‌ಪೆಕ್ಟರು ಪಂಕ್ಚರ್ ಅಂಗಡಿಗೆ ಮೊದಲ ಸಲ ಬಂದ ದಿನ ಅಂಗಡಿಯಮ್ಮನನ್ನು ಮಾತಾಡಿಸುವ ಮೊದಲು ಟೈರುಗಳನ್ನು ವಿಚಾರಿಸಿದರು.

"ಹಸಿರು ಬಣ್ಣ ಚೆಲ್ಲಿರೋ ಆ ಜೋಡಿ ಎಲ್ಲಮ್ಮ? ಬೇರೆ ಬೇರೆ ಗಾಡಿಲಿ ಬಂದು ನನಗೆ ದರ್ಶನ ಕೊಡ್ತಾನೇ ಇದೆ. ನಮ್ಮ ಬೀಗರೂ ಇಷ್ಟು ಸಲ ಬಂದಿಲ್ಲ."

ಆ ಜೋಡಿ ಅಂದು ಬಾಡಿಗೆಗೆ ಹೋಗಿತ್ತು. ವರ್ಷದ ತಪಾಸಣೆಯ ದಿನ ಬೋಳು ಟೈರಿನವರು ಆಕೆಯ ಒಳ್ಳೆಯ ಟೈರು ಬಾಡಿಗೆಗೆ ಹಾಕಿಕೊಂಡು ಹೋಗಿ, ಪಾಸು ಮಾಡಿಸಿ, ಸಂಜೆ ಬಿಚ್ಚಿ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಲೆ ಉರಿಯುತ್ತಿದ್ದುದೇ ಅದರಿಂದ.

ಇನ್ಸ್‌ಪೆಕ್ಟರು ಗದರಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ಲಾರಿಯಡಿ ಮಲಗಿ ನೋಡುವ ಮನುಷ್ಯ, ಅಂಗಿಯ ಬೆನ್ನೆಲ್ಲ ಗ್ರೀಸು. ಬೆಳಿಗ್ಗೆ ಒಂದು ಶಾಲೆಯ ವ್ಯಾನಿಗೆ ಸಹಿ ಹಾಕಿದ್ದರಂತೆ, ಅದು ಗೇಟು ದಾಟಿದ ಮೇಲೆ ಹಸಿರು ಕಲೆ ನೆನಪಾಯಿತಂತೆ. ಸರ್ಟಿಫಿಕೇಟು ರದ್ದು ಮಾಡಿದರೆ ಡ್ರೈವರು ಇನ್ನೊಂದು ಅಂಗಡಿ ಹುಡುಕುತ್ತಾನೆ, ಅಷ್ಟೇ.

"ಲೈಸೆನ್ಸ್ ಕೊಡೋರು ಡ್ರೈವರ್‌ನ ನೋಡ್ತಾರೆ, ನಾನು ಗಾಡಿ ನೋಡ್ತೀನಿ, ಪೊಲೀಸರು ರಸ್ತೆ ನೋಡ್ತಾರೆ. ಸಂಜೆ ನಿಮ್ಮ ಅಂಗಳದಲ್ಲಿ ಟೈರು ಬದಲಾಗುವಾಗ ಮಾತ್ರ ಮೂವರೂ ಇರಲ್ಲ. ನಾಳೆ ಅದರಲ್ಲಿ ಮಕ್ಕಳು ಕೂರ್ತಾರಮ್ಮ."

ಅಷ್ಟರಲ್ಲಿ ಅದೇ ವ್ಯಾನು ಬಾಡಿಗೆ ಟೈರು ವಾಪಸು ಕೊಡಲು ಬಂತು. ಡ್ರೈವರು ಇನ್ಸ್‌ಪೆಕ್ಟರನ್ನು ಕಂಡು ಇಂಗು ತಿಂದ ಮಂಗನಂತಾದ. ಅವರೋ, ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುವವರಂತೆ ಅತ್ತ ತಿರುಗಿದರು. ಅಂಗಡಿಯಮ್ಮ ವ್ಯಾನಿನೊಳಗೆ ಇಟ್ಟಿದ್ದ ಅವನ ಹಳೆಯ ಟೈರು ಇಳಿಸಿಕೊಂಡು ಅಂಗೈಯಲ್ಲಿ ಸವರಿದಳು. ಕನ್ನಡಿಯಷ್ಟು ನುಣುಪು. ಒಳಗಿನಿಂದ ಚಾಕು ತಂದು ಎರಡರ ಪಕ್ಕೆಯನ್ನೂ ಸೀಳಿದಳು.

"ಅಜ್ಜಿ, ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ."

"ಹೊಟ್ಟೆಗಲ್ಲ ಕಣಪ್ಪ, ಟೈರಿಗೆ. ನನ್ನವು ನಿನ್ನ ಗಾಡಿಲೇ ಇರಲಿ. ಕಂತಲ್ಲಿ ತೀರಿಸು."

ಬಾಡಿಗೆ ಅಂದಿಗೆ ನಿಂತಿತು, ಕಂತಿನ ಮಾರಾಟ ಶುರುವಾಯಿತು. ಮೊದಮೊದಲು ಡ್ರೈವರುಗಳು ಆಕೆಯನ್ನು 'ಕಸಾಯಿ ಅಜ್ಜಿ' ಎಂದರು. ಆಮೇಲೆ ಅವರೇ ಗಾಳಿ ತುಂಬಿಸಲು ಬಂದಾಗ, ಕೇಳದಿದ್ದರೂ ಟೈರು ತೋರಿಸಿ ಹೋಗತೊಡಗಿದರು. ಇನ್ಸ್‌ಪೆಕ್ಟರೂ ಆಗಾಗ ಬಂದು ಚಹಾ ಕುಡಿದು, ಹೆಂಡತಿ ಗ್ರೀಸಿನ ಅಂಗಿಗಳನ್ನು ಬಾಗಿಲಾಚೆಯೇ ಕಳಚಿಸುವುದನ್ನು ಹೇಳಿ ನಗಿಸುತ್ತಿದ್ದರು.

ನಿವೃತ್ತರಾದ ವಾರ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ಆಕೆಗೆ ತಕ್ಷಣ ಗುರುತೇ ಸಿಗಲಿಲ್ಲ. ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದ ಶಾಲೆಯ ವ್ಯಾನುಗಳನ್ನು ಬಹಳ ಹೊತ್ತು ನೋಡುತ್ತ ಕೂತಿದ್ದು, ಕೊನೆಗೆ ಸ್ವಲ್ಪ ನಾಚಿಕೊಂಡೇ ಕೇಳಿದರು:

"ಇವಕ್ಕೆಲ್ಲ ಸಹಿ ಹಾಕಿದ್ದು ನಾನೇ. ಆದ್ರೆ ನಾನು ನೋಡಿದ್ದು ವರ್ಷಕ್ಕೊಂದು ದಿನ, ಮಿಕ್ಕ ದಿನವೆಲ್ಲ ನೋಡಿದ್ದು ನೀವು. ನನ್ನ ಮೊಮ್ಮಗಳು ಸೋಮವಾರದಿಂದ ಶಾಲೆಗೆ ಹೋಗ್ತಾಳೆ. ಯಾವ ವ್ಯಾನಿಗೆ ಹತ್ತಿಸಲಮ್ಮ?"