ಸುಣ್ಣದ ಗೆರೆ ಹಾಕುತ್ತಿದ್ದವರು

ಅವರು ನನಗೆ ಈಗಲೂ ನೆನಪಾಗುತ್ತಾರೆ. ಬೀದರಿನಲ್ಲಿ ಅಕ್ಕ ಓದುತ್ತಿದ್ದ ಕಾಲೇಜಿನ ಜವಾನರು. ಬಾಸ್ಕೆಟ್‌ಬಾಲ್ ಅಂಗಳಕ್ಕೆ ಸುಣ್ಣದ ಗೆರೆ ಹಾಕುವುದು ಅವರದೇ ಕೆಲಸ. ಪಂದ್ಯ ನೋಡಲು ಅಪ್ಪ, ಅವ್ವ, ನಾನು ಹೋದಾಗಲೆಲ್ಲ, "ಗೆರಿ ತುಳಿಬ್ಯಾಡ್ರಿ" ಎನ್ನುತ್ತ ಎಲ್ಲರನ್ನೂ ಹಿಂದೆ ಸರಿಸುತ್ತಿದ್ದರು.

ಒಮ್ಮೆ ಭಾಲ್ಕಿಯವರ ಜೊತೆ ಫೈನಲ್. ಕೊನೆಯ ಗಳಿಗೆಯಲ್ಲಿ ನಮ್ಮ ಹುಡುಗಿಯೊಬ್ಬಳು ಮೂಲೆಯಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಅವ್ವ ಕೂಡ ಸಿಳ್ಳೆ ಹೊಡೆದಳು. ಅಷ್ಟರಲ್ಲಿ ಜವಾನರು ಕೈ ಎತ್ತಿದರು.

"ಗೆರಿ ತುಳದಾಳ್ರಿ."

ರೆಫರಿ ಬಂದು ನೋಡಿದರೆ ಸುಣ್ಣದಲ್ಲಿ ಬೂಟಿನ ಗುರುತು. ಅಂಕ ಹೋಯಿತು, ನಾವು ಸೋತೆವು.

ಅಪ್ಪ ಕೆಂಡವಾದರು. "ನಮ್ಮ ಹುಡುಗಿ ಅದಾಳ್ರಿ ಆಕಿ! ಸುಮ್ಮ ಕೂಡ್ಲಾಕ ಏನಾಗಿತ್ರಿ ನಿಮಗ?"

ಅಳಿಸಿದ ಗೆರೆಗೆ ಸುಣ್ಣ ಉದುರಿಸುತ್ತ ಅವರು ತಲೆ ಎತ್ತದೆ ಹೇಳಿದರು:

"ನನ್ನ ಮಗಳ್ರಿ ಆಕಿ."