ಕೌದಿಯ ಹೊಟ್ಟೆಯೊಳಗಿನ ಹೋಳಿಗೆ

“ಹಸದ ಕೌದಿ ನಿದ್ದಿ ಕೊಡಾಂಗಿಲ್ಲ” ಎನ್ನುತ್ತಿದ್ದಳೇ ಅವ್ವ? ಅಥವಾ “ಬೆಚ್ಚಗ ಇಡಾಂಗಿಲ್ಲ” ಎನ್ನುತ್ತಿದ್ದಳೇ? ಕೇಳೋಣವೆಂದರೆ ಈಗ ಅವಳಿಲ್ಲ.

ಇವತ್ತು ಮಾದಾಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅವಳ ಕೌದಿಯನ್ನು ಬಿಸಿಲಿಗೆ ಹರವಿದಾಗ, ಹಳೆಯ ನೂಲಿನ ವಾಸನೆ ನನ್ನನ್ನು ಇದೇ ಊರಿನ ಸನತ್‌ನಗರದಲ್ಲಿದ್ದ ನನ್ನ ಬಾಲ್ಯದ ಒಂದೇ ಕೋಣೆಯ ಮನೆಗೆ ಎಳೆದೊಯ್ದಿತು.

ಹರಿದ ಸೀರೆಯನ್ನು ಅವ್ವ ಎಸೆದದ್ದೇ ಇಲ್ಲ. ಪದರದ ಮೇಲೆ ಪದರ ಇಟ್ಟು, ಹೊದೆಯಲು ತಿಂಗಳುಗಟ್ಟಲೆ ಕೌದಿ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಹೋಳಿಗೆಯ ಚೂರೊಂದನ್ನು ಒಳಗಿಟ್ಟು, ಹಸಿದಿರಬಾರದೆಂದು ಕೌದಿಯ ಹೊಟ್ಟೆ ತುಂಬಿಸುತ್ತಿದ್ದಳು.

ಒಮ್ಮೆ ಶಾಲೆಯ ಗೆಳತಿಯೊಬ್ಬಳು ಮನೆಗೆ ಬಂದಳು. “ಯೇ ಕ್ಯಾ ಹೈ?” ಎಂದು ಕೌದಿಯನ್ನು ಎರಡು ಬೆರಳಲ್ಲಿ ಎತ್ತಿದಳು. ನನಗೆ ನಾಚಿಕೆಯಾಯಿತು. “ಕುತ್ತೇ ಕಾ ಹೈ”, ನಾಯಿಯದು, ಅಂದುಬಿಟ್ಟೆ. ನಮ್ಮ ಮನೆಯಲ್ಲಿ ನಾಯಿಯೇ ಇರಲಿಲ್ಲ.

ಅವಳು ಹೋದ ಮೇಲೆ, ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆಯೆತ್ತದೆ ಕೇಳಿದಳು: “ಹಂಗಾರ ನಾ ನಾಯಿಗಿ ಹೋಳಿಗಿ ತಿನಿಸೀನೇನವ್ವಾ?”

ಮರುದಿನವೇ ನನಗೊಂದು ಹೊಸ ಬ್ಲಾಂಕೆಟ್ ಬಂತು. ಕೌದಿಯನ್ನು ಕೊನೆಯವರೆಗೂ ಅವಳೊಬ್ಬಳೇ ಹೊದ್ದಳು. ಎಷ್ಟು ಚಳಿಯಿದ್ದರೂ ನನಗೆ ಮತ್ತೆ ಹೊದಿಸಲಿಲ್ಲ.

ಬಾಲ್ಕನಿಯಲ್ಲಿ ಇದನ್ನೆಲ್ಲ ನೆನೆಯುತ್ತಿರುವಾಗಲೇ ಕರೆಗಂಟೆ ಸದ್ದಾಯಿತು. ಆಫೀಸಿನ ಕ್ಯಾಬ್‌ಗೆ ಹೊರಟಿದ್ದ ಪಕ್ಕದ ಮನೆಯ ಮೈಸೂರಿನ ಹುಡುಗಿ ನಗುತ್ತ ಬಾಗಿಲಲ್ಲಿ ನಿಂತಿದ್ದಳು.

“ಆಂಟಿ, ನಾಯಿ ತಂದಿದ್ದೀರಂತ ಹೇಳಲೇ ಇಲ್ವಲ್ಲ! ಬಾಲ್ಕನೀಲಿ ಅದರ ಹಾಸಿಗೆ ನೋಡ್ದೆ.”