ಸುರಪುರದ ಇಳಿಜಾರಿನಲ್ಲಿ ಬಿದ್ದ ಎರಡನೇ ಗೇರು

ನಾನು ವಕೀಲ. ಕಾಲೇಜಿನ ದಿನಗಳಿಂದಲೂ ಯಾರಾದರೂ ಶಕುನ, ಮಾಯೆ ಎಂದು ಮಾತು ತೆಗೆದರೆ ಸುಮ್ಮನಿರುತ್ತಿರಲಿಲ್ಲ. ನೀವು ಎಲ್ಲಿ ನಿಂತಿದ್ದಿರಿ, ಎಷ್ಟು ದೂರದಿಂದ ಕಂಡಿತು, ಪಕ್ಕದಲ್ಲಿ ಯಾರಿದ್ದರು ಎಂದು ಪಾಟೀಸವಾಲು ಹಾಕಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬಬೇಕೆಂದೇನಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೈದರಾಬಾದಿನಲ್ಲಿ ಓದು ಮುಗಿಸಿ ಶಹಾಪುರದಲ್ಲಿ ವಕೀಲಿ ಶುರು ಮಾಡಿದ್ದೆ. ಯಾದಗಿರಿಯ ನರಸಿಂಗರಾವ್ ದೇಸಾಯರು ತಮ್ಮ ಮೋಟಾರು ಮಾರುತ್ತಾರಂತೆ ಎಂಬ ಸುದ್ದಿ ಬಂತು. ಅದು ಸಾಮಾನ್ಯ ಮೋಟಾರಲ್ಲ. ಇಬ್ಬರೇ ಕೂರಬಹುದಾದ, ಮೇಲೆ ಚಾವಣಿಯಿಲ್ಲದ, ಉದ್ದ ಮೂತಿಯ ಪಂದ್ಯದ ಗಾಡಿ. ಚಿಕ್ಕಂದಿನಲ್ಲಿ ಅದು ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡಲೆಂದೇ ನಾನು ರಸ್ತೆ ಬದಿ ಕಾದು ನಿಂತಿದ್ದುಂಟು.

ದೇಸಾಯರಿಗೆ ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆ ಗಾಡಿಯ ಗೇರ್ ಕಡ್ಡಿ ಇದ್ದದ್ದು ಬಲಗಡೆ, ಚಾಲಕನ ತೊಡೆಗೂ ಬಾಗಿಲಿಗೂ ನಡುವೆ. ಬಲಗೈ ಇಲ್ಲದವರು ಅದನ್ನು ಓಡಿಸುವಂತಿರಲಿಲ್ಲ. ಕಡ್ಡಿಯ ತುದಿಗೆ ಹಿತ್ತಾಳೆಯ ಗುಂಡು. ಅದರ ಒಂದು ಕಡೆ ಸಣ್ಣ ತಗ್ಗು ಬಿದ್ದಿತ್ತು. ದೇಸಾಯರು ಗೇರು ಹಾಕಿದಾಗಲೆಲ್ಲ ಅವರ ಉಂಗುರ ಬಡಿದು ಬಡಿದು ಆದ ತಗ್ಗು. ಅವರು ಗೇರು ಬದಲಿಸಿದರೆ ಎಂಜಿನ್ ಎರಡು ಸಲ ಗುರ್ ಎನ್ನುತ್ತಿತ್ತು, ಆಮೇಲೆ ಟಕ್ ಎಂದು ಉಂಗುರದ ಸದ್ದು. ಬೇರೆ ಸದ್ದೇ ಇಲ್ಲ.

ಗಾಡಿಯನ್ನು ನಾನೇ ಕೊಂಡೆ. ಆದರೆ ನನಗೆ ಅದು ಒಲಿಯಲಿಲ್ಲ. ಹಳೆಯ ಕಾಲದ ಗೇರ್ ಪೆಟ್ಟಿಗೆ. ಕ್ಲಚ್ ಒತ್ತಿ, ಬಿಟ್ಟು, ಎಂಜಿನ್ನಿಗೆ ಸರಿಯಾಗಿ ಎಷ್ಟು ಬೇಕೋ ಅಷ್ಟೇ ರೇಸ್ ಕೊಟ್ಟು, ಮತ್ತೆ ಒತ್ತಿ ಕೆಳಗಿನ ಗೇರಿಗೆ ತರಬೇಕು. ಒಂದಿಷ್ಟು ತಪ್ಪಿದರೂ ಗೇರಿನ ಹಲ್ಲಿಗೆ ಹಲ್ಲು ಕಡಿದು ಊರೆಲ್ಲ ಕೇಳುವ ಕರ್ಕಶ ಸದ್ದು. ದೇಸಾಯರು ಅಂಗಳದಲ್ಲಿ ಮಂಚದ ಮೇಲೆ ಕೂತು ನನಗೆ ಕಲಿಸಲು ನೋಡಿದರು. ಬಲಗೈ ಮಡಿಲಲ್ಲಿ ಕಟ್ಟಿಗೆಯಂತೆ ಬಿದ್ದಿರುತ್ತಿತ್ತು. ಮಾತು ಕೊಂಚ ತೊದಲುತ್ತಿತ್ತು.

"ಅದಕ್ಕ ಯಾಕೊ ಅಷ್ಟು ಜೋರ್ ಮಾಡ್ತಿ? ಗುದ್ದಾಡಾಕ ಬಂದೀಯೇನು? ತಳ್ಳಬ್ಯಾಡ, ಕರಿ. ಕರದ್ರ ತಾನ ಬರ್ತದ."

ಕರೆದೆ. ಬರಲಿಲ್ಲ. ಹಲ್ಲು ಕಡಿಯಿತು. ಅವರು ತಮ್ಮ ಮೈಗೇ ನೋವಾದವರಂತೆ ಕಣ್ಣು ಮುಚ್ಚಿಕೊಂಡರು.

ಆಗ ನಮ್ಮ ಕಡೆ ಮೋಟಾರು ಇದ್ದವರು ಐದು ಜನ. ಯಾದಗಿರಿಯ ಹತ್ತಿ ವ್ಯಾಪಾರಿ ಖಾದರ್ ಸಾಹೇಬರು ಅವರಲ್ಲಿ ಹಿರಿಯರು. ತಿಂಗಳಿಗೊಮ್ಮೆ ಎಲ್ಲರೂ ಗಾಡಿ ತೆಗೆದುಕೊಂಡು ಒಂದೆಡೆ ಸೇರುತ್ತಿದ್ದರು. ಹೊಸಬರನ್ನು ಸೇರಿಸಿಕೊಳ್ಳಲು ಒಂದು ಪದ್ಧತಿಯಿತ್ತು. ಖಾದರ್ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುರಪುರದ ಬೆಟ್ಟದ ಇಳಿಜಾರನ್ನು ಇಳಿಯಬೇಕು. ನಡುವೆ ಮೂರನೇ ಗೇರಿನಿಂದ ಎರಡನೆಯದಕ್ಕೆ ಬರಬೇಕು. ಸದ್ದಿಲ್ಲದೆ ಗೇರು ಬಿದ್ದರೆ ಹೊಸಬ ಗುಂಪಿನ ಆರನೆಯವನು. ಹಲ್ಲು ಕಡಿದರೆ ಎಲ್ಲರಿಗೂ ಊಟ ಹಾಕಿಸಿ ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಬರಬೇಕು.

ನನ್ನ ಸರದಿಯ ದಿನ ಬೆಟ್ಟದ ಮೇಲೆ ಎಲ್ಲರೂ ಸೇರಿದ್ದರು. ಸೂರ್ಯ ನೆತ್ತಿಗೆ ಬಂದಿದ್ದ. ಐವರಲ್ಲೊಬ್ಬರಾದ ದೇವಾಪುರದ ಗೌಡರು ಹೊಟ್ಟೆ ಸವರಿಕೊಂಡರು. "ವಕೀಲ್ರ, ಮನ್ಯಾಗ ಇವತ್ತು ಒಲಿ ಹಚ್ಚಬ್ಯಾಡ, ವಕೀಲ್ರ ಊಟ ಹಾಕಸ್ತಾರ ಅಂತ ಹೇಳೇ ಬಂದೀನ್ರಿ."

"ಗೌಡ್ರ, ಉಪಾಸ ಬೀಳ್ತೀರಿ ನೋಡ್ರಿ," ಎಂದೆ. ಒಳಗೆ ಧೈರ್ಯವಿರಲಿಲ್ಲ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಹಿಂದಿನ ದಿನ ಬ್ರೇಕಿನ ಸರಳು ಬಿಗಿ ಮಾಡುವಾಗ ಅದನ್ನು ಹಿಡಿದಿಡುವ ಪಿನ್ನು ಮುರಿದಿತ್ತು. ಬದಲಿ ಪಿನ್ನಿಗಾಗಿ ಕಾಯುವ ತಾಳ್ಮೆಯಿಲ್ಲದೆ ಬೇಲಿಯ ತಂತಿ ಸುತ್ತಿದ್ದೆ. ಕೈಬ್ರೇಕೂ ಅದೇ ಸರಳಿಗೆ ಕಟ್ಟಿದ್ದು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹೊರಟೆವು. ಅರ್ಧ ದಾರಿಗೆ ಮೂರನೇ ಗೇರಿನಿಂದ ತೆಗೆದು ಎರಡಕ್ಕೆ ತರಲು ಹೋದೆ. ಹಲ್ಲು ಕಡಿಯಿತು. "ಊಟ ಪಕ್ಕಾ," ಎಂದು ಖಾದರ್ ಸಾಹೇಬರು ನಕ್ಕರು. ಇನ್ನೊಮ್ಮೆ ಪ್ರಯತ್ನಿಸಿದೆ. ಬೀಳಲಿಲ್ಲ. ಈಗ ಗಾಡಿ ಯಾವ ಗೇರಿನಲ್ಲೂ ಇರಲಿಲ್ಲ, ತನ್ನ ಭಾರಕ್ಕೆ ತಾನೇ ಉರುಳುತ್ತಿತ್ತು. ಬ್ರೇಕ್ ಒತ್ತಿದೆ. ಕಾಲ ಕೆಳಗೆ ಏನೋ ಪಟ್ ಎಂದಿತು. ಪೆಡಲು ಹಲಗೆಗೆ ಹೋಗಿ ಕೂತಿತು.

ಅಲ್ಲಿಂದ ಮುಂದಿನದನ್ನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ ಲೆಕ್ಕವಿಲ್ಲ. ಇಳಿಜಾರಿನ ಕೊನೆಗೆ ರಸ್ತೆ ಒಂದು ದೊಡ್ಡ ಬಂಡೆಯನ್ನು ಸುತ್ತಿ ತಟ್ಟನೆ ಎಡಕ್ಕೆ ತಿರುಗುತ್ತದೆ. ಅಂದು ಸಂತೆ. ಮೇಲಿನಿಂದಲೇ ಕಾಣುತ್ತಿತ್ತು: ತಿರುವಿನಾಚೆ ಎತ್ತಿನ ಬಂಡಿಗಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಒಂದು ಕೆಂಪು ಸೀರೆ ನನಗೆ ಈಗಲೂ ಕಾಣುತ್ತದೆ. ಆ ವೇಗದಲ್ಲಿ ತಿರುಗಿದರೆ ಅವರ ಮೇಲೆ, ತಿರುಗದಿದ್ದರೆ ಬಂಡೆಗೆ. ಖಾದರ್ ಸಾಹೇಬರ ನಗು ನಿಂತಿತ್ತು. "ಯಾ ಅಲ್ಲಾ," ಎಂದು ಅವರು ಎರಡೂ ಕೈಯಲ್ಲಿ ಎಡಬದಿಯ ಬಾಗಿಲು ಹಿಡಿದರು. ನಾನು ಗೇರಿನ ಆಸೆ ಬಿಟ್ಟು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದೆ.

ಆಗ ಎಂಜಿನ್ ಗುರ್ ಎಂದಿತು. ಒಮ್ಮೆ, ಇನ್ನೊಮ್ಮೆ. ನನ್ನ ಬಲಗಾಲು ಸತ್ತ ಬ್ರೇಕಿನ ಮೇಲೇ ಇತ್ತು. ಎಡಗಾಲು ಕ್ಲಚ್ಚಿನ ಮೇಲಿತ್ತು. ಅದು ಎದ್ದಿತೋ, ಒತ್ತಿತೋ ಹೇಳಲಾರೆ. ನನ್ನ ತೊಡೆಯ ಪಕ್ಕ ಕಡ್ಡಿ ಸರಿಯಿತು, ಎಣ್ಣೆ ಹಚ್ಚಿದ ಅಗುಳಿಯಂತೆ. ಟಕ್.

ಗಾಡಿಯನ್ನು ಹಿಂದಿನಿಂದ ಯಾರೋ ಹಿಡಿದೆಳೆದಂತಾಯಿತು. ಎಂಜಿನ್ ಅರಚಿತು, ವೇಗ ಇಳಿಯಿತು. ಬಂಡೆಯನ್ನು ಮೈಗೆ ತಾಕಿಸಿಕೊಳ್ಳದೆ ತಿರುಗಿದೆವು. ಒಬ್ಬ ಮುದುಕಿ ಬುಟ್ಟಿ ಇಳಿಸದೆ ನಮ್ಮನ್ನು ಬೈದಳು. ಏರು ಸಿಕ್ಕಿದಲ್ಲಿ ಗಾಡಿ ತಾನಾಗಿ ನಿಂತಿತು.

ಖಾದರ್ ಸಾಹೇಬರು ನನ್ನ ಬೆರಳುಗಳನ್ನು ನೋಡಿದರು. ನಾನು ಉಂಗುರ ಹಾಕುವವನಲ್ಲ.

"ಟಕ್ ಅಂದದ್ದು ಕೇಳಿಸ್ತೇನು?" ಎಂದರು.

"ಕೇಳಿಸ್ತ್ರಿ."

"ನಿನ್ನ ಎರಡೂ ಕೈ ಸ್ಟೇರಿಂಗ್ ಮ್ಯಾಲ ಇದ್ದವು. ನಾ ನೋಡೀನಿ."

ಅವರ ಬೆರಳಲ್ಲಿ ಉಂಗುರವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಎಡಗಡೆ ಕೂತವರ ಕೈ ನನ್ನ ಮೈ ದಾಟಿ ಆ ಕಡ್ಡಿಗೆ ಎಟುಕುವುದು ಸಾಧ್ಯವೇ ಇರಲಿಲ್ಲ.

ಗಾಡಿಯನ್ನು ಸುರಪುರದಲ್ಲೇ ಬಿಟ್ಟು, ಗೌಡರ ಮೋಟಾರಿನಲ್ಲಿ ಯಾದಗಿರಿಗೆ ಬಂದೆವು. ದೇಸಾಯರ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಾವು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಸೀತಾಬಾಯಿ ಅಂಗಳಕ್ಕೆ ಬಂದರು. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗುವಿತ್ತು.

"ಇವ್ರ ಕೈ ಎದ್ದಿತ್ತೋ ತಮ್ಮ! ಊಟಕ್ಕ ಎಲಿ ಹಾಕಿದ್ದೆ. ಬಲಗೈ ತಾನ ಎದ್ದು, ಏನೋ ಹಿಡಿದಂಗ ಮುಷ್ಟಿ ಮಾಡಿ, ಹಿಂದಕ್ಕ ಜಗ್ಗಿತು. ಆಮ್ಯಾಲ ಮತ್ತ ಬಿತ್ತು. ಡಾಕ್ಟರ್‌ಗ ಹೇಳಿ ಕಳಿಸೀನಿ."

ವಕೀಲನ ಚಟ, ಎಷ್ಟು ಗಂಟೆಗೆ ಎಂದು ಕೇಳಿದೆ. ಮನೆಯಲ್ಲಿ ಗಡಿಯಾರ ಕೆಟ್ಟಿತ್ತು. ಊಟದ ಹೊತ್ತು ಎಂಬುದಷ್ಟೇ ಅವರ ಸಾಕ್ಷ್ಯ. ಊಟದ ಹೊತ್ತೆಂದರೆ ಒಂದು ಗಂಟೆ ಆಚೆ ಈಚೆ ಇರಬಹುದು. ನ್ಯಾಯಾಲಯದಲ್ಲಿ ಅದು ನಿಲ್ಲುವುದಿಲ್ಲ.

ದೇಸಾಯರು ದಿಂಬಿಗೆ ಒರಗಿದ್ದರು. ಬಹಳ ದಣಿದಂತಿದ್ದರು. ನನ್ನನ್ನು ನೋಡಿ ಒಂದೇ ಮಾತು ಕೇಳಿದರು: "ಬಿತ್ತಲ್ಲ?"

ಅವತ್ತು ನನ್ನ ಪರೀಕ್ಷೆಯೆಂದು ಅವರಿಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಆ ಪ್ರಶ್ನೆಯಲ್ಲಿ ವಿಶೇಷವೇನೂ ಇರಲಾರದು. ಹೀಗೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. "ಬಿತ್ತ್ರಿ ಕಾಕಾ," ಎಂದೆ. ತಂತಿಯ ವಿಷಯವನ್ನೂ ಅಲ್ಲೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ದಣಿವಿಗೆ ಕಣ್ಣು ಮುಚ್ಚಿಕೊಂಡರು. ಆ ಕೈ ಅವರು ಬದುಕಿರುವ ತನಕ ಮತ್ತೆ ಏಳಲಿಲ್ಲ.

ಜೀವಭಯದಲ್ಲಿ ನನ್ನ ಕೈಕಾಲು ನನಗೆ ತಿಳಿಯದಂತೆ ಕೆಲಸ ಮಾಡಿರಬಹುದು. ಖಾದರ್ ಸಾಹೇಬರು ಹೆದರಿಕೆಯಲ್ಲಿ ತಪ್ಪು ನೋಡಿರಬಹುದು. ಆದರೆ ಆಮೇಲೆ ಆ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದೆ. ಎರಡನೇ ಗೇರು ಒಮ್ಮೆಯೂ ಸದ್ದಿಲ್ಲದೆ ಬೀಳಲಿಲ್ಲ.

ಮುಂದಿನ ತಿಂಗಳು ಗುಂಪಿನಲ್ಲಿ ನನ್ನ ವಿಚಾರ ಬಂತು. ಆರನೆಯವನೋ ಅಲ್ಲವೋ ಎಂದು ಗೌಡರು ಕೇಳಿದರು. ಖಾದರ್ ಸಾಹೇಬರು ಗಡ್ಡ ನೀವಿಕೊಂಡು, "ಗೇರ್ ಹಾಕಿದವ ಪಾಸ್ ಆಗ್ಯಾನ. ವಕೀಲ್ ಸಾಬ್ ಇನ್ನಾ ಆಗಿಲ್ಲ," ಎಂದರು. ಮತ್ತೆ ಪರೀಕ್ಷೆಗೆ ಬಾ ಎಂದು ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಅವರ ಜೊತೆ ಎಷ್ಟೋ ವರ್ಷ ತಿರುಗಿದೆ, ಉಂಡೆ. ಆ ಐವರಲ್ಲಿ ಈಗ ಯಾರೂ ಉಳಿದಿಲ್ಲ. ಅವರ ಪದ್ಧತಿಯ ಪ್ರಕಾರ ನಾನು ಇವತ್ತಿಗೂ ಆ ಗುಂಪಿನ ಹೊರಗಿನವನೇ.